ಏಳನೆಯ ರಾಯಲ್ ಓಕ್

“ಹಲೋ, ಯಾರು ಮಾತಾಡ್ತಿರೋದು? … ಯಾರು ಅಂತ ಕೇಳ್ದೆ … ಓ, ಮತ್ತೆ ನೀನೇನಾ? ಈಗ ತಾನೆ ಫೋನು ಕುಕ್ಕಿದ್ದು ಸಾಲ್ದೇನೋ ನಿಂಗೆ?”

…

“ಲೈನು ಕಟ್ಟಾಗಿದ್ದಲ್ಲ, ನಾನೇ ಇಟ್ಟಿದ್ದು. ಕಳ್ಳ ಅಂತ ಅಂದು ಇಟ್ಟೆ. ಕೇಳಿಸದೇ ಇದ್ರೆ ಇನ್ನೊಂದು ಸಲ ಹೇಳ್ತೀನಿ, ಕಿವಿ ಹತ್ರ ಇಟ್ಕೋ. ಕಳ್ಳ.”

…

ಲೋರ್ನಾ ವೌಲ್ಸ್ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಗ್ಲಾಸು ಒರೆಸುತ್ತಿದ್ದಳು. ಗ್ಲಾಸು ಯಾವಾಗಲೋ ಒಣಗಿತ್ತು. ಒರೆಸುವುದು ನಿಂತಿರಲಿಲ್ಲ. ಬಾರಿನ ಈಚೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ ವಿಲ್ಫ್ ಹೆಂಬ್ರೋ ತನ್ನ ಬಿಯರಿನ ನೊರೆ ನೋಡುತ್ತಾ, ಕೇಳಿಸದವನ ಹಾಗೆ ಮುಖ ಮಾಡಿಕೊಂಡು, ಒಂದು ಮಾತೂ ಬಿಡದೆ ಕೇಳಿಸಿಕೊಳ್ಳುತ್ತಿದ್ದ.

ಅವನಿಗೆ ಕೇಳುತ್ತಿದ್ದುದು ಈ ಕಡೆಯ ಮಾತು ಮಾತ್ರ. ಆದರೆ ಆ ಕಡೆಯಿದ್ದವನು ಬ್ರೆಂಡನ್ ಕ್ರಾಸಿನಲ್ಲಿ ಹೋಟೆಲು ನಡೆಸುವ ಲೋರ್ನಾಳ ತಮ್ಮ ಡೆಸ್ಮಂಡ್. ಅಕ್ಕ ತಮ್ಮ ಇಬ್ಬರನ್ನೂ ಇದೇ ಬಾರಿನ ಕೆಳಗೆ ಅಂಬೆಗಾಲಿಡುವ ಕಾಲದಿಂದ ಕಂಡಿದ್ದ ಎಂಬತ್ತೊಂದರ ಮುದುಕನಿಗೆ ಉಳಿದರ್ಧ ಊಹಿಸುವುದು ಕಷ್ಟವಾಗಲಿಲ್ಲ. ಬೆಳಿಗ್ಗೆ ಅಂಚೆಯಲ್ಲಿ ಬಿಯರ್ ಕಂಪನಿಯ ಕಾಗದ ಬಂದಿತ್ತು. ಪಬ್ಬಿನ ಕಟ್ಟಡ ಆ ಕಂಪನಿಯದು, ಅದನ್ನು ಗುತ್ತಿಗೆಗೆ ಹಿಡಿದು ನಡೆಸುವವಳು ಲೋರ್ನಾ. ಅವಳ ಗುತ್ತಿಗೆ ಜೂನ್ ಇಪ್ಪತ್ತನಾಲ್ಕಕ್ಕೆ ಮುಗಿಯುತ್ತದೆ. ಅಂದಿನಿಂದ ಹಿಂಟನ್ ಮೂರ್ ಹಳ್ಳಿಯ ರಾಯಲ್ ಓಕ್ ಪಬ್ಬನ್ನು ಶ್ರೀ ಡೆಸ್ಮಂಡ್ ವೌಲ್ಸ್ ನಡೆಸುತ್ತಾರೆ ಎಂದು ಬರೆದಿತ್ತು. ತಮ್ಮ ಅರ್ಜಿ ಹಾಕಿದ್ದೇ ಅಕ್ಕನಿಗೆ ಗೊತ್ತಿರಲಿಲ್ಲ.

“ಹೇಳೋಣ ಅಂತಿದ್ಯಾ? ಯಾವಾಗ, ನನ್ನ ಮಂಚ ಹೊರಗೆ ಸಾಗ್ಸೋವಾಗಲಾ? … ಹಾಂ … ಹಾಂ … ಕ್ರಿಸ್ಮಸ್ಸಿಗೆ ಬಂದಿದ್ದೆ, ನನ್ನ ಕೈಯಡುಗೆ ಎರಡು ಸಲ ಬಡಿಸ್ಕೊಂಡು ತಿಂದೆ, ಆಗ ಅರ್ಜಿ ಜೇಬಲ್ಲಿತ್ತು, ಅಲ್ವಾ? … ಕೇಳಿದ್ದಕ್ಕೆ ಹೌದು, ಇಲ್ಲ ಅನ್ನು. ಜೇಬಲ್ಲಿತ್ತಾ?”

…

“ಜೇಬಲ್ಲಿತ್ತಂತೆ,” ಎಂದು ಲೋರ್ನಾ ವಿಲ್ಫ್ ಕಡೆಗೆ ತಿರುಗಿ ಹೇಳಿದಳು. ಹವಾಮಾನದ ಸುದ್ದಿ ಹೇಳಿದ ಹಾಗಿತ್ತು.

ವಿಲ್ಫ್ ತೊಡೆಯ ಮೇಲಿದ್ದ ಕೋಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಮೇ ತಿಂಗಳ ಇಪ್ಪತ್ತೊಂಬತ್ತು, ಬೆಳಗಿನ ಹನ್ನೊಂದು ಗಂಟೆ, ಕಿಟಕಿಯಿಂದ ಚೆನ್ನಾಗಿ ಬಿಸಿಲು ಬೀಳುತ್ತಿತ್ತು. ಬಂದಾಗ ಕೋಟು ತೆಗೆದು ಗೂಟಕ್ಕೆ ಹಾಕು ಎಂದು ಲೋರ್ನಾ ಹೇಳಿದ್ದಳು. ಚಳಿ ಎಂದು ಹೇಳಿ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ. ಕೋಟಿನೊಳಗೆ ಒಂದು ವಸ್ತುವಿತ್ತು. ಅದನ್ನು ಅವಳ ಕೈಗೆ ಕೊಡಲೆಂದೇ ಬಂದವನು ಈ ಜಗಳ ನೋಡಿ ಸುಮ್ಮನಾಗಿದ್ದ.

“ಏನದು, ರಾಯಲ್ ಓಕ್ ಉಳಿಸ್ತೀಯಾ? ನೀನು? … ಅಯ್ಯೋ, ನಿನ್ನ ಬಾಗಿಲ ಮೇಲೆ ಏನಿದೆ ಮೊದ್ಲು ಓದ್ಕೊಂಡು ಬಾ. ಚಿಕ್ಕ ಅಕ್ಷರದಲ್ಲಿ ‘ಓಕ್’ ಅಂತ ಇದೆ. ಬರೀ ಓಕ್. ರಾಯಲ್ ಎಲ್ಲೋಯ್ತು? … ಹಳೇದಾಯ್ತಾ? ಗಿರಾಕಿಗಳಿಗೆ ಹಿಡಿಸಲ್ವಾ? ಯುದ್ಧದಲ್ಲಿ ಸೋತ ರಾಜ ಪಾಪ ಇಡೀ ದಿನ ಓಕ್ ಮರದ ಮೇಲೆ ಉಸಿರು ಬಿಗಿಹಿಡ್ದು ಕೂತಿದ್ದ, ಕೆಳಗೆ ಹುಡುಕ್ತಿದ್ದ ಸೈನಿಕರ ಕೈಗೆ ಸಿಗ್ಲಿಲ್ಲ. ಕೊನೆಗೆ ಸಿಕ್ಕಿದ್ದು ನಿನ್ನ ಕೈಗೆ. ಬೋರ್ಡಿನಿಂದ ಇಳಿಸಿ ಕಳಿಸ್ಬಿಟ್ಟೆ.”

…

“ಇವತ್ತು ಟೊಂಗೆ ಕಟ್ಟಿದ್ದೀಯಾ ಬಾಗಿಲಿಗೆ? … ಹಾಂ? … ಪ್ಲಾಸ್ಟಿಕ್ಕಿಂದಾ?”

ವಿಲ್ಫ್ ನಕ್ಕು ಬಿಯರು ಮೂಗಿಗೆ ಹತ್ತಿಸಿಕೊಂಡ. ರಾಯಲ್ ಓಕ್ ಎಂಬ ಹೆಸರು ಬಂದದ್ದೇ ರಾಜ ಅಡಗಿದ ಆ ಮರದಿಂದ. ಆ ರಾಜ ಸಿಂಹಾಸನಕ್ಕೆ ಮರಳಿದ ದಿನ ಅಂತ ಮೇ ಇಪ್ಪತ್ತೊಂಬತ್ತಕ್ಕೆ ಎಲೆ ತುಂಬಿದ ಓಕ್ ಟೊಂಗೆಯನ್ನು ಬಾಗಿಲಿಗೆ ಕಟ್ಟುವುದು ಈ ಮನೆಯಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ಇವತ್ತೂ ಲೋರ್ನಾ ಕೆಟ್ಟ ಮೊಣಕಾಲಿಟ್ಟುಕೊಂಡು ಏಣಿ ಹತ್ತಿ ಕಟ್ಟಿದ್ದಳು. ಆಗಿನ್ನೂ ಅಂಚೆ ಬಂದಿರಲಿಲ್ಲ.

“ವಿಲ್ಫ್, ನಿನ್ನ ಲಾರಿ ರೂಟಲ್ಲಿ ರಾಯಲ್ ಓಕ್ ಎಷ್ಟಿದ್ವು?”

ಮೂವತ್ತನಾಲ್ಕು ವರ್ಷ ಬಿಯರ್ ಪೀಪಾಯಿ ಲಾರಿ ಓಡಿಸಿದವನು ಅವನು. ಒಂದು ಕೈಯ ಐದು ಬೆರಳು, ಇನ್ನೊಂದರ ಎರಡು ಎತ್ತಿ ತೋರಿಸಿದ.

“ಏಳು. ಕೇಳಿಸ್ತಾ? ಏಳೂ ಒಂದೇ ಹೆಸರಿನವು. ಸೇತುವೆ ಹತ್ತಿರದ್ದು ಈಗ ಕಾರ್ಪೆಟ್ ಅಂಗಡಿ. ಚರ್ಚಿನ ಎದುರಿನದನ್ನ ಕೆಡವಿ ಫ್ಲಾಟು ಕಟ್ಟಿ ಅದಕ್ಕೇ ರಾಯಲ್ ಓಕ್ ಕೋರ್ಟ್ ಅಂತ ಹೆಸರಿಟ್ರು, ನಾಚಿಕೆ ಇಲ್ದೆ. ಮಾರ್ಕೆಟ್ಟಿಂದು ಹೆಣ ಮಣ್ಣು ಮಾಡೋರ ಆಫೀಸಾಯ್ತು. ಅಲ್ಲಿಗೆ ಹೋಗೋರು ಮಾತ್ರ ಈಗ್ಲೂ ಹಳೇ ಗಿರಾಕಿಗಳೇ, ಒಬ್ಬೊಬ್ಬರಾಗಿ, ಮಲಗ್ಕೊಂಡು … ನಗಬೇಡ. ನಿನ್ನ ಜೊತೆ ನಗೋಕೆ ಹೇಳ್ಲಿಲ್ಲ ನಾನು.”

…

ಉಳಿದವನ್ನು ವಿಲ್ಫ್ ಮನಸ್ಸಿನಲ್ಲೇ ಎಣಿಸಿದ. ಒಂದು ಸುಟ್ಟುಹೋಯಿತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಅಲ್ಲಿನ ಬಿಯರು ಹಾಗಿತ್ತು. ಡನ್‌ಕೂಮಿನ ರಾಯಲ್ ಓಕನ್ನು ಲಂಡನ್ನಿನ ಹಲ್ಲಿನ ಡಾಕ್ಟರೊಬ್ಬ ಮನೆ ಮಾಡಿಕೊಂಡಿದ್ದ. ಚಂದ ಕಾಣುತ್ತದೆಂದು ಹಳೆಯ ಬೋರ್ಡು ಹಾಗೇ ಬಿಟ್ಟಿದ್ದ. ಬೇಸಗೆಯಲ್ಲಿ ನಡೆದು ದಣಿದವರು ನೇರ ಅವನ ಅಡುಗೆಮನೆಗೆ ನುಗ್ಗಿ ಬಿಯರು ಕೇಳುತ್ತಿದ್ದರು. ಕೊನೆಗೆ ‘ಇದು ಪಬ್ ಅಲ್ಲ’ ಎಂದು ಆ ಬೋರ್ಡಿನ ಕೆಳಗೇ ಇನ್ನೊಂದು ಬೋರ್ಡು ತೂಗುಹಾಕಿದ. ಆರನೆಯದು ಡೆಸ್ಮಂಡನದು, ಬ್ರೆಂಡನ್ ಕ್ರಾಸಿನಲ್ಲಿ; ಅಲ್ಲಿ ಒಂದು ತುತ್ತಿನಷ್ಟು ಊಟವನ್ನು ಕಲ್ಲುಹಾಸಿನ ತುಂಡಿನ ಮೇಲಿಟ್ಟು ಕೊಡುತ್ತಾರೆ. ಪಬ್ಬಾಗಿಯೇ ಉಳಿದದ್ದು ಇದೊಂದು, ಏಳನೆಯದು.

ಉಳಿದದ್ದು ಅಂದರೂ ಎಷ್ಟು ಉಳಿದಿದೆ ಎಂದು ಅವನಿಗೆ ಗೊತ್ತಿತ್ತು. ಈ ಹೊತ್ತಿಗೆ ಒಳಗಿದ್ದ ಗಿರಾಕಿಗಳು ಮೂವರು: ತಾನು, ಕಿಟಕಿಯ ಬಳಿ ಡಾಮಿನೋ ಆಡುತ್ತಿದ್ದ ಗಿಲ್ಬರ್ಟ್ ಮತ್ತು ಹೆಡ್ಲಿ. ಅವರಿಬ್ಬರೂ ಕಾಯಿ ಸರಿಸುವುದನ್ನು ನಿಲ್ಲಿಸಿ ಕಾಲು ಗಂಟೆಯಾಗಿತ್ತು. ಬಾರಿನ ಮೇಲಿನ ತೊಲೆಗೆ ಒಂಬತ್ತು ಕೊಕ್ಕೆ, ಒಂಬತ್ತು ತವರದ ಲೋಟ; ವಿಲ್ಫ್‌ನದು ಮಾತ್ರ ಈಗ ಅವನ ಮುಂದಿತ್ತು. ಕಾಯಂ ಗಿರಾಕಿ ಪ್ರತಿಯೊಬ್ಬನದೂ ಒಂದೊಂದು, ಹಿಡಿಯಿರುವುದು. ಅದರಲ್ಲಿ ನಾಲ್ಕರ ಒಡೆಯರು ಸತ್ತಿದ್ದರು. ಸತ್ತವನ ಲೋಟ ಕೊಕ್ಕೆಯಿಂದ ಇಳಿಯುವುದಿಲ್ಲ, ಅದರಲ್ಲಿ ಇನ್ನೊಬ್ಬ ಕುಡಿಯುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ಆ ಕಡೆ ಡೆಸ್ಮಂಡ್ ಮಾತಿನ ಧಾಟಿ ಬದಲಿಸಿರಬೇಕು. ಲೋರ್ನಾ ಗ್ಲಾಸು ಕೆಳಗಿಟ್ಟಳು.

“ಇಲ್ಲೇ ಇರೋದಾ? … ಯಾರು, ನಾನಾ? … ಮ್ಯಾನೇಜರಾಗಿ. ಓಹೋ. ಕಪ್ಪು ಏಪ್ರನ್ ಹಾಕ್ಕೊಂಡು, ‘ಇವತ್ತಿನ ಬೀಟ್‌ರೂಟು ತುಂಬಾ ಚೆನ್ನಾಗಿದೆ ಸಾರ್’ ಅಂತ … ಹಾಂ … ಕೇಳ್ತಿದ್ದೀನಿ, ಹೇಳು.”

…

“ಮೇಲಿನ ರೂಮು ಎರಡೂನಾ? … ಬಾಡಿಗೆ ಇಲ್ದೆ? … ಮೊಣಕಾಲಾ? ಹಂಗೇ ಇದೆ. ನೆಲಮಾಳಿಗೆ ಮೆಟ್ಟಿಲು ಇಳಿಯೋವಾಗ ದೇವರು ಕಾಣ್ತಾನೆ … ಹಾಂ … ಪೀಪಾಯಿ ಹೊರೋಕೆ ಬೇರೆ ಆಳಿಡ್ತೀಯಾ?”

ಅವಳು ಖಾಲಿ ಕ್ರೇಟೊಂದರ ಮೇಲೆ ಕೂತಳು. ಫೋನಿನ ವೈರು ಅಷ್ಟು ಉದ್ದ ಬರುತ್ತಿರಲಿಲ್ಲ. ಕತ್ತು ಓರೆ ಮಾಡಿಕೊಂಡಳು. ಐವತ್ತಾರು ವರ್ಷದವಳು. ಈ ಕಟ್ಟಡದಲ್ಲಿ ಹುಟ್ಟಿ, ಅಪ್ಪನ ನಂತರ ಇದನ್ನು ನಡೆಸಿ, ಇಲ್ಲಿಂದಲೇ ಗಂಡನನ್ನು ಓಡಿಸಿದವಳು. ಮೇಲಿನ ಆ ಎರಡು ಕೋಣೆ ಬಿಟ್ಟರೆ ತಲೆ ಇಡಲು ಜಾಗವಿಲ್ಲದವಳು. ಹನ್ನೆರಡು ಗಂಟೆಗೆ ಕಂಪನಿಯವನು ಬರುತ್ತಾನೆ. ಅವನ ಮುಂದೆ ಹೂಂ ಅಂದರೆ ಅಲ್ಲೇ ಮಲಗಬಹುದು. ಊಹೂಂ ಅಂದರೆ ಇಪ್ಪತ್ತನಾಲ್ಕಕ್ಕೆ ಬೀದಿ. ಡೆಸ್ಮಂಡನಿಗೂ ಅವಳ ಹೂಂ ಬೇಕಿತ್ತು. ಅಸಲಿ ಹಳ್ಳಿ ಪಬ್ಬು, ಅಸಲಿ ಒಡತಿ, ಅಸಲಿ ಗಿರಾಕಿಗಳು ಎಂದು ಕಂಪನಿಯ ಮುಂದೆ ಹೇಳಿ ಗುತ್ತಿಗೆ ಹಿಡಿದಿದ್ದನಲ್ಲ.

“ಹೆಸರು? … ಪೂರ್ತಿ ಹೆಸರಾ? ರಾಯಲ್ಲೂ ಇರತ್ತಾ? … ಬರೆದು ಕೊಡ್ತೀಯಾ?”

…

ಆಮೇಲೆ ಆ ಕಡೆಯವನು ಏನು ಹೇಳಿದನೋ, ಲೋರ್ನಾ ಎದ್ದು ನಿಂತಳು. ಮುಖದ ಮೇಲಿನ ಗಂಟೆಲ್ಲ ಸಡಿಲವಾಯಿತು. ಅಪ್ಪ ಸತ್ತ ದಿನವೂ ಬಾರು ತೆರೆದು ನಿಂತಿದ್ದ ಹೆಂಗಸಿನ ಮುಖ ಹಾಗಾದುದನ್ನು ವಿಲ್ಫ್ ನೋಡಿರಲಿಲ್ಲ.

“ಅಪ್ಪನ ಲೋಟಾನಾ? … ಅಪ್ಪನದು, ಡನ್‌ಕೂಮಿಂದು? … ನಿನ್ನ ಹತ್ರ ಇದೆಯಾ, ಡೆಸ್?”

…

“ಆರು ವರ್ಷ ಆಯ್ತಲ್ಲೋ. ಯಾಕೆ ಹೇಳ್ಲಿಲ್ಲ? … ಬೆಂಕಿಗೂಡಿನ ಮೇಲಾ? … ದಿನಾ ನೀನೇ ಒರೆಸ್ತೀಯಾ … ಯಾರಿಗೂ ಮುಟ್ಟೋಕೆ ಬಿಡಲ್ವಾ … ಹಾಂ … ನಾನು ಬಸ್ಸಲ್ಲಿ ಹೋಗಿದ್ದೆ ಕಣೋ ಆವತ್ತು. ಹೋಗೋ ಹೊತ್ತಿಗೆ ಬರೀ ಕೊಕ್ಕೆ.”

ಅವರಿಬ್ಬರ ಅಪ್ಪ ಸಿರಿಲ್ ವೌಲ್ಸ್ ತನ್ನ ಬಾರಿನಲ್ಲಿ ತಾನು ಒಂದು ಗುಟುಕೂ ಕುಡಿದವನಲ್ಲ. ಮಂಗಳವಾರ ರಜ, ಸೈಕಲ್ಲು ತುಳಿದು ಡನ್‌ಕೂಮಿನ ರಾಯಲ್ ಓಕಿಗೆ ಹೋಗಿ, ಅಲ್ಲಿ ಗಿರಾಕಿಯಾಗಿ ಕೂತು, ತನ್ನ ಹೆಸರಿನ ಕೊಕ್ಕೆಯಿಂದ ಲೋಟ ಇಳಿಸಿಕೊಂಡು ಕುಡಿಯುತ್ತಿದ್ದ. ವಿಲ್ಫ್ ಪಕ್ಕದಲ್ಲಿರುತ್ತಿದ್ದ. ಲೋರ್ನಾ ಹುಟ್ಟಿದ ವಾರ ಸಿರಿಲ್ ಜೇಬಿನಲ್ಲಿ ಅರ ತಂದು, ಲೋಟದ ಹಿಡಿಯ ಮೇಲೆ, ಹೆಬ್ಬೆರಳು ಕೂರುವ ಕಡೆ, ಒಂದು ಗೀರು ಹಾಕಿದ. ಮೂರು ವರ್ಷದ ನಂತರ ಅದರ ಪಕ್ಕದಲ್ಲಿ ಇನ್ನೊಂದು ಗೀರು. ಅವನು ಸತ್ತ ಮೇಲೆ ಲೋಟ ಅಲ್ಲೇ ತೂಗುತ್ತಿತ್ತು. ಆರು ವರ್ಷದ ಹಿಂದೆ ಡನ್‌ಕೂಮಿನ ಪಬ್ಬು ಮುಚ್ಚಿದಾಗ ಸಾಮಾನೆಲ್ಲ ಒಂದೇ ಬೆಳಿಗ್ಗೆ ಹರಾಜಾಯಿತು. ಬೆಂಚು ಮಾತ್ರ ಕೊಂಡೆ ಅಂದಿದ್ದ ಡೆಸ್ಮಂಡ್.

ಭಾನುವಾರ ವಿಲ್ಫ್‌ನ ಹುಟ್ಟುಹಬ್ಬ. ಮೊಮ್ಮಗಳು ಟ್ಯಾಮ್ಸಿನ್ ಅಜ್ಜನನ್ನು ಡೆಸ್ಮಂಡನ ‘ಓಕ್’ಗೆ ಊಟಕ್ಕೆ ಕರೆದುಕೊಂಡು ಹೋಗಿದ್ದಳು. ಬೆಂಕಿಗೂಡಿನ ಮೇಲೆ ಗಾಜಿನ ತಳದ, ಫಳಫಳ ಹೊಳೆಯುವ ಒಂದು ಲೋಟವಿತ್ತು. ‘ನಮ್ಮ ತಂದೆ ಕುಡಿಯುತ್ತಿದ್ದ ಲೋಟ’ ಎಂಬ ಚೀಟಿ ಅದರ ಕೆಳಗೆ. ವಿಲ್ಫ್ ಆ ಲೋಟವನ್ನು ಜನ್ಮದಲ್ಲಿ ಕಂಡಿರಲಿಲ್ಲ. ಆಮೇಲೆ ಊಟ ಬಂತು. ಮೀನಿನ ಪಕ್ಕದಲ್ಲಿ, ಕಪ್ಪಿಟ್ಟ ತವರದ ಲೋಟದಲ್ಲಿ ತುಂಬಿ ನಿಲ್ಲಿಸಿದ್ದ ಕರಿದ ಆಲೂಗಡ್ಡೆ. ಹತ್ತಿರಕ್ಕೆ ಎಳೆದುಕೊಂಡಾಗ ಅವನ ಹೆಬ್ಬೆರಳಿಗೆ ಎರಡು ಗೀರು ಸಿಕ್ಕವು.

ಆಲೂಗಡ್ಡೆಯನ್ನು ಕರವಸ್ತ್ರದ ಮೇಲೆ ಸುರಿದು, ಲೋಟವನ್ನು ಕೋಟಿನೊಳಗೆ ಇಳಿಸಿಕೊಂಡು ಎದ್ದು ಬಂದಿದ್ದ. ಎಂಬತ್ತೊಂದಕ್ಕೆ ಕಾಲಿಟ್ಟ ದಿನವೇ ಕಳ್ಳನಾಗಿದ್ದ.

“ಅಪ್ಪ ಏನಂತಿದ್ರೋ ಏನೋ … ಹಾಂ, ನೀನೂ ಅವರ ಮಗನೇ. ಇಲ್ಲ ಅನ್ನಲ್ಲ … ಸರಿ. ಸರಿ ಕಣೋ. ಹನ್ನೆರಡಕ್ಕಾ? ಅವನ ಮುಂದೆ ನಾನು …”

ಸುಮ್ಮನಿದ್ದರೆ ಅವಳಿಗೆ ಮನೆ ಉಳಿಯುತ್ತದೆ. ವಿಲ್ಫ್‌ಗೆ ಅದು ಸ್ಪಷ್ಟವಾಗಿಯೇ ಕಂಡಿತು. ಕೋಟನ್ನು ಮಡಚಿ ಮನೆಗೆ ಹೋಗಬಹುದು, ದಾರಿಯ ಕೆರೆಗೆ ಲೋಟ ಎಸೆಯಬಹುದು, ನಾಳೆ ಇದೇ ಸ್ಟೂಲಿನ ಮೇಲೆ ಬಂದು ಕೂರಬಹುದು. ಆದರೆ ದಿನಾ ಒರೆಸ್ತೀನಿ ಅನ್ನುವ ಆ ಸುಳ್ಳು ಅವನಿಗೆ ಸಹಿಸಲಾಗಲಿಲ್ಲ. ಕೈ ಕೋಟಿನೊಳಗೆ ಹೋಯಿತು. ಲೋಟವನ್ನು ಅವಳ ಮುಂದೆ ಬಾರಿನ ಮೇಲಿಟ್ಟ.

“ಭಾನುವಾರ ನನಗೆ ಇದರಲ್ಲಿ ಕರಿದ ಆಲೂಗಡ್ಡೆ ಕೊಟ್ರು ಲೋರ್ನಾ,” ಎಂದ. “ತಮ್ಮನ ಹೋಟೆಲಲ್ಲಿ.”

ಲೋರ್ನಾ ಮುಟ್ಟದೆ ನೋಡಿದಳು. ಆಮೇಲೆ ಎತ್ತಿಕೊಂಡಳು. ಹೆಬ್ಬೆರಳು ತಾನಾಗಿ ಹಿಡಿಯ ಮೇಲೆ ಹೋಗಿ ನಿಂತಿತು. ಮೂಗಿನ ಬಳಿ ತಂದಳು. ಒಳಗೆ ಇನ್ನೂ ವಿನೆಗರ್ ವಾಸನೆ. ಫೋನಿನಲ್ಲಿ ಸಣ್ಣ ದನಿ ಒಂದೇ ಸಮನೆ ಮಾತಾಡುತ್ತಿತ್ತು.

“ಹಾಂ, ಇದ್ದೀನಿ … ಇಲ್ಲ, ಏನಿಲ್ಲ. ಅಪ್ಪನ ಲೋಟದ ಬಗ್ಗೆ ಇನ್ನೊಂಚೂರು ಹೇಳೋ, ಕೇಳೋಕೆ ಚೆನ್ನಾಗಿದೆ.”

ಅವಳ ದನಿ ಬೆಣ್ಣೆಯ ಹಾಗಿತ್ತು. ಗಿಲ್ಬರ್ಟ್ ಹೆಡ್ಲಿಯ ಮೊಣಕೈ ತಿವಿದ.

“ಈಗಲೂ ಕಾಣ್ತಿದೆಯಾ ಅಲ್ಲಿಂದ? … ಗಾಜಿನ ತಳ … ಹಾಂ … ಬೆಳ್ಳಿ ಥರಾ ಹೊಳೆಯತ್ತೆ … ಹಿಡಿ ಹೇಗಿದೆ? … ನುಣ್ಣಗಿದೆಯಾ? ಒಂದು ಗೀರೂ ಇಲ್ವಾ? … ಹೋಗಿ ಮುಟ್ಟಿ ನೋಡಿ ಬಾ, ಕಾಯ್ತೀನಿ.”

…

“ಇಲ್ವಾ? … ಗ್ಯಾರಂಟಿನಾ? … ಅಪ್ಪನ ಆಣೆಗೂ?”

…

“ಡೆಸ್ಮಂಡ್. ಬಾಯಿ ಮುಚ್ಕೊಂಡು ಕೇಳು. ಅಪ್ಪನ ಲೋಟ ನನ್ನ ಕೈಯಲ್ಲಿದೆ. ಪಾತ್ರೆ ತೊಳೆಯೋ ಮಷಿನ್ನಿಗೆ ಹಾಕಿ ಹಾಕಿ ಕರೀ ಮಾಡಿದ್ದೀಯ. ಭಾನುವಾರ ಇದರಲ್ಲಿ ಆಲೂಗಡ್ಡೆ ತುಂಬಿ ವಿಲ್ಫ್ ಮುಂದೆ ಇಟ್ಟಿದ್ದೀಯ … ಗೊತ್ತಿರ್ಲಿಲ್ಲ ಅಂತೀಯಾ. ಅದನ್ನ ನಂಬ್ತೀನಿ. ನಿಂಗೆ ಗೊತ್ತಿರೋಕೆ ನೀನು ಯಾವತ್ತು ಅದನ್ನ ಮುಟ್ಟಿದ್ದೆ? ಹರಾಜಿನ ರಾಶಿಯಲ್ಲಿ ಇದೂ ಬಂದಿದ್ದು ಗೊತ್ತಿಲ್ದೆ ಸತ್ತವನ ಲೋಟದಲ್ಲಿ ಆಲೂಗಡ್ಡೆ ಕೊಟ್ಟೆ, ಹೋಗ್ಲಿ. ಗೊತ್ತಿದ್ದೂ ಅಂಗಡಿಯಿಂದ ಇನ್ನೊಂದು ತಂದು ಅದಕ್ಕೆ ಅಪ್ಪ ಅಂತ ಚೀಟಿ ಅಂಟಿಸ್ದೆ. ಈಗ ಅದನ್ನೇ ನನ್ನ ಮುಂದೆ ಆಡಿಸಿ ನನ್ನನ್ನ ಕೊಂಡ್ಕೊಳೋಕೆ ಬಂದೆ.”

…

“ಇದರ ಹಿಡಿ ಮೇಲೆ ಎರಡು ಗೀರಿದೆ. ಮೊದಲನೇದು ನಾನು … ಹಾಂ. ಎರಡನೇದು ನೀನು ಕಣೋ, ದಡ್ಡಾ. ನೀನು ಹುಟ್ಟಿದ ವಾರ ಅರ ಹಾಕಿದ್ದು. ಆಲೂಗಡ್ಡೆ ಜೊತೆ ನಿನ್ನನ್ನ ನೀನೇ ಬಡಿಸ್ಕೊಂಡು ಬರ್ತಿದ್ದೀಯ ಆರು ವರ್ಷದಿಂದ.”

ಲೋರ್ನಾ ಎರಡು ಗೀರಿನ ಮೇಲೂ ಹೆಬ್ಬೆರಳು ಆಡಿಸಿದಳು.

“ಇಲ್ಲ,” ಎಂದಳು. “ಕೇಳಿಸ್ತಾ? ನಿನ್ನ ಮ್ಯಾನೇಜರಾಗಿ ಇರಲ್ಲ ನಾನು. ಇಪ್ಪತ್ತನಾಲ್ಕರ ತನಕ ಯಾಕೆ ಕಾಯ್ತೀಯಾ, ಪಬ್ಬನ್ನ ಈಗಲೇ ತಗೋ.”

ರಿಸೀವರನ್ನು ಇಡಲಿಲ್ಲ, ಬಾರಿನ ಮೇಲೆ, ಬಾಯಿ ಮೇಲಾಗಿ ಮಲಗಿಸಿದಳು. ಕ್ರೇಟಿನ ಮೇಲೆ ಹತ್ತಿ ಒಂದೊಂದೇ ಲೋಟ ಕೊಕ್ಕೆಯಿಂದ ಇಳಿಸಿದಳು. ಪ್ರತಿಯೊಂದೂ ಇಳಿಯುವಾಗ ಆದ ಟಣ್ ಎಂಬ ಸದ್ದು ಫೋನಿನೊಳಗೆ ಹೋಗಿರಬೇಕು. ಗಿಲ್ಬರ್ಟ್‌ನದು ಗಿಲ್ಬರ್ಟ್‌ಗೆ, ಹೆಡ್ಲಿಯದು ಹೆಡ್ಲಿಗೆ ಕೊಟ್ಟಳು. ಇವತ್ತು ಬಾರದವರ ಎರಡನ್ನು ಹಾದಿಯಲ್ಲಿ ಕೊಟ್ಟು ಹೋಗಿ ಎಂದು ಅವರಿಗೇ ವಹಿಸಿದಳು. ಅವರು ಲೋಟ ಹಿಡಿದು, ಕೋಳಿ ಕದ್ದವರ ಹಾಗೆ ನಿಂತರು. ಸತ್ತ ನಾಲ್ವರ ಲೋಟಗಳನ್ನು ಗ್ಲಾಸು ಒರೆಸುವ ಬಟ್ಟೆಯಲ್ಲಿ ಗಂಟು ಕಟ್ಟಿ, ವಿಲ್ಫ್‌ನ ಲೋಟದಲ್ಲಿ ಉಳಿದಿದ್ದ ಬಿಯರನ್ನು ಗಾಜಿನ ಗ್ಲಾಸಿಗೆ ಬಗ್ಗಿಸಿ, ಆ ಲೋಟವನ್ನು ಒರೆಸಿ ಗಂಟಿನ ಜೊತೆ ಅವನ ಮುಂದಿಟ್ಟಳು. ಯಾವ ಲೋಟ ಯಾರ ಮನೆಗೆ ಸೇರಬೇಕೆಂದು ಅವನಿಗೆ ಹೇಳಬೇಕಾಗಿರಲಿಲ್ಲ.

ಆಮೇಲೆ ಬಗ್ಗಿ, ರಿಸೀವರಿಗೆ ಬಾಯಿ ಹತ್ತಿರ ತಂದಳು.

“ಕೊಕ್ಕೆ ಒಂಬತ್ತೂ ಬಿಟ್ಟು ಹೋಗ್ತಿದ್ದೀನಿ. ಎಣಿಸ್ಕೋ. ಚೀಟಿ ಬರೆಯೋದ್ರಲ್ಲಿ ಜಾಣ ನೀನು, ಒಂದೊಂದಕ್ಕೆ ಒಂದೊಂದು ಬರೆದು ನೇತುಹಾಕು.”

ಬೀಗದ ಕೈಗೊಂಚಲನ್ನು ಫೋನಿನ ಪಕ್ಕ ಇಟ್ಟಳು. ಕೈಚೀಲ ತೆಗೆದುಕೊಂಡಳು, ಅದರೊಳಗೆ ಅಪ್ಪನ ಲೋಟ ಇಳಿಸಿದಳು, ಜಿಪ್ಪು ಎಳೆಯಲು ಬರಲಿಲ್ಲ, ಹಾಗೇ ಬಿಟ್ಟಳು. ಬಾಗಿಲಲ್ಲಿ ನಿಂತು ಕೈ ಮೇಲೆತ್ತಿ, ಬೆಳಿಗ್ಗೆ ತಾನೇ ಕಟ್ಟಿದ್ದ ಓಕ್ ಟೊಂಗೆಯನ್ನು ಒಂದೇ ಎಳೆತಕ್ಕೆ ಕಿತ್ತಳು. ನಾಲ್ಕೈದು ಎಲೆ ಹೊಸ್ತಿಲ ಮೇಲೆ ಉದುರಿದವು. ಹಿಂದೆ ನೋಡಲಿಲ್ಲ.

ಗಾಳಿ ಕುಡಿದು ಬರಲು ಹೋಗಿದ್ದಾಳೆ ಎಂದುಕೊಂಡ ವಿಲ್ಫ್. ಸಿಟ್ಟು ಬಂದಾಗ ಹಿತ್ತಲಿಗೆ ಹೋಗಿ ಖಾಲಿ ಪೀಪಾಯಿಗಳನ್ನು ಒದ್ದು ಬರುವುದು ಅವಳ ಅಭ್ಯಾಸ. ಕಿವಿಗೊಟ್ಟು ಕಾದ. ಪೀಪಾಯಿ ಸದ್ದಾಗಲಿಲ್ಲ. ಬೀದಿಯಲ್ಲಿ ಹನ್ನೊಂದೂ ನಲವತ್ತರ ಬಸ್ಸು ಬಂದು ನಿಂತಿತು, ಬಾಗಿಲು ಉಸ್ ಎಂದು ತೆರೆಯಿತು, ಮುಚ್ಚಿತು, ಬಸ್ಸು ಏರು ಹತ್ತಿತು. ಹೆಡ್ಲಿ ಕಿಟಕಿಯಿಂದ ಹೊರಗೆ ನೋಡಿ, ವಿಲ್ಫ್ ಕಡೆಗೆ ತಿರುಗಿ, ಅವಳು ಹತ್ತಿದಳು ಎಂಬಂತೆ ತಲೆಯಾಡಿಸಿದ.

ರಿಸೀವರಿನಲ್ಲಿ ಹಲೋ ಹಲೋ ಎನ್ನುವುದು ನಿಂತಿರಲಿಲ್ಲ. ವಿಲ್ಫ್ ಕೈಚಾಚಿ ಎತ್ತಿಕೊಂಡ.

“ಹಲೋ … ಯಾರು ಅಂದ್ರೆ? ವಿಲ್ಫ್ ಹೆಂಬ್ರೋ … ಹಾಂ, ಪೀಪಾಯಿ ಇಳಿಸ್ತಿದ್ದವನೇ … ಹೋದ್ಲು … ಹೊರಗೆ ಅಂದ್ರೆ ಹೊರಗೆ. ಬಸ್ಸು ಹತ್ತಿದ್ಲು … ಎಲ್ಲಿಗೆ ಅಂತ ನಂಗೆ ಹೇಳ್ಲಿಲ್ಲಪ್ಪ … ಇಲ್ಲ, ಬರಲ್ಲ. ಬರೋಳು ಟೊಂಗೆ ಕಿತ್ಕೊಂಡು ಹೋಗ್ತಾಳಾ?”

…

“ಕಂಪನಿಯವನಾ? ಬರ್ಲಿ. ಬಾಗಿಲು ತೆಗೆದೇ ಇದೆ. ಮೂರು ಜನ ಇದ್ವಿ, ನಾವೂ ಹೊರಟ್ವಿ. ಅಸಲಿ ಗಿರಾಕಿ ಬೇಕು ಅಂದ್ರೆ ನೀನೇ ಬಂದು ಕೂತ್ಕೋ … ಇನ್ನೊಂದು ವಿಷಯ, ಡೆಸ್ಮಂಡ್. ಭಾನುವಾರ ಆ ಲೋಟ ಕದ್ದಿದ್ದು ನಾನು. ಪೊಲೀಸರಿಗೆ ಹೇಳೋದಾದ್ರೆ ಲೋಟದ ಗುರುತು ಏನು ಅಂತ ಕೇಳ್ತಾರೆ. ಆಗ ಏನ್ ಹೇಳ್ತೀಯಾ? … ಹಲೋ? … ಹಲೋ, ಕೇಳಿಸ್ತಾ …”

ಲೈನು ಕಟ್ಟಾಗಿತ್ತು.